ಬಯಲುಸೀಮೆಯ ಕಾಲಿಗೆ ಹಿಮದ ಪಾಠ: ಮೊದಲ ಬಾರಿ ಸ್ಕೀಯಿಂಗ್ ಕಲಿಯುವವರಿಗೆ ಮಾರ್ಗದರ್ಶಿ

ಚಳಿಗಾಲ ಹತ್ತಿರವಾದಂತೆ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಜಿಮ್ ಬೇಸರವಾಗಿದೆ. ಗುಲ್ಮಾರ್ಗ್‌ಗೋ ಔಲಿಗೋ ಹೋಗಿ ಸ್ಕೀಯಿಂಗ್ ಕಲಿಯೋಣ ಎಂದುಕೊಂಡಿದ್ದೇವೆ. ಹಿಮವನ್ನು ಈವರೆಗೆ ಕಣ್ಣಾರೆ ಕಂಡಿಲ್ಲ, ವಯಸ್ಸು ನಲವತ್ತು ದಾಟಿದೆ. ಸಾಧ್ಯವೇ?”

ಸಾಧ್ಯ. ಮಂಡಿ ಮತ್ತು ಹೃದಯ ಸರಿಯಾಗಿದ್ದರೆ ಐವತ್ತರಲ್ಲೂ ಸಾಧ್ಯ. ಆದರೆ ನನ್ನದೊಂದು ಷರತ್ತಿದೆ: ಪ್ರವಾಸದ ನಡುವೆ ಒಂದು ಮಧ್ಯಾಹ್ನ ಬಾಡಿಗೆ ಸ್ಕೀ, ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದನೆಯ ಪಟ್ಟಿ, ಕಟ್ಟಿಕೊಂಡು ಫೋಟೊ ತೆಗೆಸಿಕೊಳ್ಳುವ ಯೋಚನೆ ಇದ್ದರೆ ಅದನ್ನು ಬಿಟ್ಟುಬಿಡಿ. ಅದರಿಂದ ಮೈಗೆ ವ್ಯಾಯಾಮವೂ ಸಿಗದು, ಆಟವೂ ಹತ್ತದು. ಪೆಟ್ಟು ಬೀಳುವ ಸಾಧ್ಯತೆ ಮಾತ್ರ ಹೆಚ್ಚು. ಊರಿನಲ್ಲಿ ಎಂಟು ವಾರ ಕಾಲುಗಳನ್ನು ಸಿದ್ಧ ಮಾಡಿಕೊಂಡು, ಹಿಮದ ಮೇಲೆ ಕನಿಷ್ಠ ಒಂದು ವಾರ ಕ್ರಮವಾಗಿ ಕಲಿಯಿರಿ. ಆರೋಗ್ಯದ ದೃಷ್ಟಿಯಿಂದ ನೋಡಿದರೆ ನಿಜವಾದ ಲಾಭ ಆ ಎಂಟು ವಾರದಲ್ಲೇ ಇದೆ. ಹಿಮ ಎಂಬ ಗುರಿ ಮುಂದಿರುವುದರಿಂದ ಬೆಳಿಗ್ಗೆ ಐದೂವರೆಗೆ ಏಳಲು ಮನಸ್ಸು ಬರುತ್ತದೆ; ಬರಿಯ ತೂಕ ಇಳಿಸುವ ಆಸೆಗೆ ಅಷ್ಟು ಬಲವಿಲ್ಲ.

ಮೊದಲು ಆಟದ ಆಯ್ಕೆ

ಚಳಿಗಾಲದ ಆಟಗಳು ಹಲವು. ಹೊಸಬರಿಗೆ ಎಟಕುವಂಥವು ಮೂರು.

ಆಲ್ಪೈನ್ ಸ್ಕೀಯಿಂಗ್ ಎಂದರೆ ಬೆಟ್ಟದ ಇಳಿಜಾರಿನಲ್ಲಿ ಜಾರಿಕೊಂಡು ಇಳಿಯುವುದು. ಹಿಮ್ಮಡಿಯೂ ಬೆರಳೂ ಎರಡೂ ಕಡೆ ಸ್ಕೀಗೆ ಬಿಗಿಯಾಗಿರುತ್ತವೆ. ತೊಡೆ, ಪೃಷ್ಠ, ಸೊಂಟಕ್ಕೆ ಭಾರಿ ಕೆಲಸ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಲಿಸುವುದು ಇದನ್ನೇ.

ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಹಗುರವಾದ, ಕಿರಿದಾದ ಸ್ಕೀ ಕಟ್ಟಿಕೊಂಡು ಸಮತಟ್ಟಾದ ಅಥವಾ ಸ್ವಲ್ಪ ಏರಿಳಿತದ ಹಾದಿಯಲ್ಲಿ ಸಾಗಬೇಕು. ಹಿಮ್ಮಡಿ ಸಡಿಲವಾಗಿ ಮೇಲೇಳುತ್ತದೆ. ಕೈಕಾಲು, ಬೆನ್ನು, ಹೊಟ್ಟೆ, ಶ್ವಾಸಕೋಶ ಎಲ್ಲವೂ ಏಕಕಾಲಕ್ಕೆ ದುಡಿಯುತ್ತವೆ. ಹೃದಯದ ವ್ಯಾಯಾಮವಾಗಿ ಇದಕ್ಕೆ ಸರಿಸಾಟಿ ಆಟ ಕಡಿಮೆ, ಮಂಡಿಗೆ ಪೆಟ್ಟೂ ಕಡಿಮೆ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದದ್ದು ಇದೇ ಆಟದಲ್ಲಿ. ಭಾರತದಲ್ಲಿ ಹವ್ಯಾಸಿಗಳಿಗೆ ಇದರ ಹಾದಿಗಳು ಹೆಚ್ಚಿಲ್ಲ. ಆದರೆ ಕೆನಡಾ, ಅಮೆರಿಕದ ಉತ್ತರದ ರಾಜ್ಯಗಳು, ಜರ್ಮನಿ, ನಾರ್ವೆ, ಫಿನ್ಲೆಂಡ್‌ಗಳಲ್ಲಿ ಇರುವ ಕನ್ನಡಿಗರಿಗೆ ನನ್ನ ಸಲಹೆ ಯಾವಾಗಲೂ ಇದೇ: ಮನೆಯ ಹತ್ತಿರದ ಉದ್ಯಾನ ಅಥವಾ ಕಾಡಿನಲ್ಲೇ ಹಾದಿ ಇರುತ್ತದೆ, ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟಿನ ದುಬಾರಿ ಟಿಕೆಟ್ ಬೇಡ, ಕಚೇರಿ ಮುಗಿಸಿ ಸಂಜೆಯೂ ಹೋಗಿ ಬರಬಹುದು.

ಮೂರನೆಯದು ಐಸ್ ಸ್ಕೇಟಿಂಗ್. ಶಿಮ್ಲಾದಲ್ಲಿ 1920ರಿಂದ ಇರುವ ಬಯಲು ರಿಂಕ್‌ನಲ್ಲಿ ಚಳಿಗೆ ತಾನಾಗಿಯೇ ಹೆಪ್ಪುಗಟ್ಟಿದ ನೀರಿನ ಮೇಲೆ ಆಡಬಹುದು. ನಮ್ಮ ಊರುಗಳಲ್ಲಿ ಚಕ್ರದ ಸ್ಕೇಟ್ ಕಲಿತಿರುವ ಮಕ್ಕಳು ಮಂಜುಗಡ್ಡೆಯ ಮೇಲೆ ಬಹಳ ಬೇಗ ಹಿಡಿತ ಸಾಧಿಸುತ್ತಾರೆ.

ಇನ್ನು ಮುಂದೆ ಹೇಳುವುದೆಲ್ಲ ಆಲ್ಪೈನ್ ಸ್ಕೀಯಿಂಗ್ ಬಗ್ಗೆ. ಪ್ರಶ್ನೆಗಳು ಬರುತ್ತಿರುವುದೂ ಅದರ ಬಗ್ಗೆಯೇ.

1. ವೈದ್ಯರ ಬಳಿ ಹೋಗಿ ಬನ್ನಿ

ಇದು ಬರಿಯ ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ರಕ್ತದೊತ್ತಡ ಏರುತ್ತದೆ. ಎತ್ತರದಲ್ಲಿ ಆಮ್ಲಜನಕ ಕಡಿಮೆ. ಇವೆರಡರ ಮೇಲೆ ಕಠಿಣ ಶ್ರಮವೂ ಸೇರಿದರೆ ಹೃದಯದ ಮೇಲೆ ಬೀಳುವ ಹೊರೆ ಊರಿನ ವಾಯುವಿಹಾರದ ಲೆಕ್ಕಕ್ಕೆ ಸಿಗುವುದಿಲ್ಲ. ರಕ್ತದೊತ್ತಡ, ಮಧುಮೇಹ, ಹೃದಯದ ತೊಂದರೆ ಇರುವವರು ವೈದ್ಯರ ಒಪ್ಪಿಗೆ ಇಲ್ಲದೆ ಟಿಕೆಟ್ ಬುಕ್ ಮಾಡಬೇಡಿ. ಒಣ ತಣ್ಣನೆಯ ಗಾಳಿ ಅಸ್ತಮಾವನ್ನು ಕೆರಳಿಸುತ್ತದೆ. ಇನ್‌ಹೇಲರ್ ಚೀಲದಲ್ಲಿ ಉಳಿಯಬಾರದು, ಅಂಗಿಯ ಒಳಜೇಬಿನಲ್ಲಿ ಬೆಚ್ಚಗಿರಬೇಕು. ಮಂಡಿಯ ಲಿಗಮೆಂಟ್, ಅಂದರೆ ಎಲುಬುಗಳನ್ನು ಕಟ್ಟಿಹಿಡಿಯುವ ನಾರು, ಹಿಂದೆ ಹರಿದಿದ್ದರೆ ಮೂಳೆ ತಜ್ಞರಿಗೆ ತೋರಿಸಿ. ಹೇಗೂ ಸರ್ಕಾರಿ ತರಬೇತಿಗಳಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತದೆ.

2. ಎಂಟು ವಾರದ ತಯಾರಿ

“ನಾನು ದಿನಾ ಐದು ಕಿಲೋಮೀಟರ್ ಓಡುತ್ತೇನೆ, ಸಾಲದೇ?” ಎಂದು ಕೇಳುವವರು ಬಹಳ. ಸಾಲದು. ಇಳಿಜಾರಿನಲ್ಲಿ ನಿಮ್ಮ ತೊಡೆ ಮಾಡುವ ಮುಖ್ಯ ಕೆಲಸ ಬ್ರೇಕ್ ಹಾಕುವುದು. ಮಂಡಿ ಬಾಗಿದ ಸ್ಥಿತಿಯಲ್ಲಿ, ಭಾರ ಹೊತ್ತುಕೊಂಡೇ ಸ್ನಾಯು ಹಿಗ್ಗುತ್ತಿರುತ್ತದೆ. ಸ್ನಾಯುವಿಗೆ ಅತಿ ಹೆಚ್ಚು ನೋವು ತರುವ ದುಡಿಮೆ ಇದು. ಬೆಟ್ಟ ಹತ್ತಿದಾಗ ಏದುಸಿರು ಬಂದರೂ ಮರುದಿನ ತೊಡೆ ನೋಯುವುದು ಇಳಿದದ್ದಕ್ಕೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇಳಿದವರಿಗೆ ಇದು ಗೊತ್ತು. ಈ ನೋವನ್ನು ಊರಿನಲ್ಲೇ ಕಂತುಕಂತಾಗಿ ತೀರಿಸಿಬಿಡುವುದೇ ತಯಾರಿ.

ವಾರಕ್ಕೆ ನಾಲ್ಕು ದಿನ ಸಾಕು. ಬೇಕಾದ ಸಲಕರಣೆ ಒಂದು ಗೋಡೆ, ಒಂದಿಷ್ಟು ಮೆಟ್ಟಿಲು.

ಬಸ್ಕಿ: ನಮ್ಮ ಗರಡಿಮನೆಯ ಹಳೆಯ ಬಸ್ಕಿಯೇ. ಕೂರುವಾಗ ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ನಿಧಾನವಾಗಿ ಇಳಿಯಿರಿ, ಏಳುವಾಗ ಬೇಗ ಏಳಿ. ಹತ್ತರ ಮೂರು ಸುತ್ತಿನಿಂದ ಆರಂಭಿಸಿ ಹದಿನೈದಕ್ಕೆ ಏರಿಸಿ. ಮಂಡಿಗಳು ಒಳಮುಖವಾಗಿ ಕುಸಿಯದಂತೆ ಕನ್ನಡಿಯ ಮುಂದೆ ನೋಡಿಕೊಳ್ಳಿ. ಮಂಡಿ ಒಳಗೆ ಕುಸಿಯುವ ಅಭ್ಯಾಸವನ್ನೇ ಹಿಮಕ್ಕೂ ಒಯ್ದರೆ ಲಿಗಮೆಂಟ್ ಹರಿಯುವ ಅಪಾಯ ಹೆಚ್ಚು.

ಗೋಡೆ ಕುರ್ಚಿ: ಬೆನ್ನನ್ನು ಗೋಡೆಗೆ ಒರಗಿಸಿ, ತೊಡೆ ನೆಲಕ್ಕೆ ಸಮನಾಗುವಂತೆ, ಕುರ್ಚಿಯೇ ಇಲ್ಲದೆ ಕುಳಿತಿರಿ. ಮೊದಲ ವಾರ ಮೂವತ್ತು ಸೆಕೆಂಡಿಗೇ ತೊಡೆ ನಡುಗತೊಡಗುತ್ತದೆ. ಎಂಟನೆಯ ವಾರಕ್ಕೆ ಒಂದೂವರೆ ನಿಮಿಷ ತಲುಪಿದರೆ ಒಳ್ಳೆಯದು.

ಮೆಟ್ಟಿಲು ಇಳಿಯುವುದು: ವಾರಕ್ಕೊಮ್ಮೆ ಚಾಮುಂಡಿಯೋ ನಂದಿಯೋ ಶಿವಗಂಗೆಯೋ, ಹತ್ತಿರದ ಬೆಟ್ಟಕ್ಕೆ ಹೋಗಿ. ಹತ್ತುವುದು ನಿಮ್ಮ ವೇಗದಲ್ಲಿರಲಿ. ಇಳಿಯುವುದು ಮಾತ್ರ ಬೇಕೆಂದೇ ನಿಧಾನ, ಧಡಧಡ ಹೆಜ್ಜೆ ಬೇಡ. ಬೆಟ್ಟ ದೂರವಿದ್ದರೆ ಅಪಾರ್ಟ್‌ಮೆಂಟಿನ ಮೆಟ್ಟಿಲು ಸಾಕು.

ಪಕ್ಕಕ್ಕೆ ಜಿಗಿತ: ನೆಲದ ಮೇಲೊಂದು ಗೆರೆ ಎಳೆದು ಎರಡೂ ಕಾಲು ಜೋಡಿಸಿ ಆಚೀಚೆ ಹಾರಿ. ಇದನ್ನು ನಾಲ್ಕನೆಯ ವಾರದ ನಂತರ ಸೇರಿಸಿ. ಮಂಡಿ ನೋವಿರುವವರು ಕೈಬಿಡಿ.

ಒಂಟಿಕಾಲು: ಹಲ್ಲುಜ್ಜುವಾಗ ಒಂದು ಕಾಲಿನ ಮೇಲೆ ನಿಲ್ಲಿ. ಅದು ಸಲೀಸಾದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ಹಿಮದ ಮಂಕು ಬೆಳಕಿನಲ್ಲಿ ನೆಲದ ಏರುತಗ್ಗು ಕಾಣಿಸುವುದಿಲ್ಲ. ಆಗ ಪಾದದ ಅರಿವೇ ದಾರಿ ತೋರಿಸಬೇಕು.

ಇವುಗಳ ಜೊತೆಗೆ ಹೊಟ್ಟೆಯ ಸ್ನಾಯುಗಳಿಗೆ ಪ್ಲ್ಯಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿದಿಡುವುದು, ಶ್ವಾಸಕ್ಕೆ ವಾರದಲ್ಲಿ ಎರಡು ದಿನ ಚುರುಕು ನಡಿಗೆ ಅಥವಾ ಸೈಕಲ್. ಯೋಗ ಮಾಡುವವರಿಗೆ ಉತ್ಕಟಾಸನ, ವೃಕ್ಷಾಸನ ಗೊತ್ತೇ ಇವೆ. ಹೊರಡುವ ಹಿಂದಿನ ನಾಲ್ಕು ದಿನ ವಿಶ್ರಾಂತಿ ಕೊಡಿ. ನೋಯುವ ತೊಡೆಯೊಂದಿಗೆ ವಿಮಾನ ಹತ್ತಬೇಡಿ.

3. ಎಲ್ಲಿಗೆ, ಯಾವಾಗ

ಗುಲ್ಮಾರ್ಗ್: ಶ್ರೀನಗರದಿಂದ ಸುಮಾರು 50 ಕಿ.ಮೀ., ಎತ್ತರ ಸುಮಾರು 2,650 ಮೀಟರ್. ಹೊಸಬರಿಗೆ ಬೇಕಾದ ಮೆಲು ಇಳಿಜಾರು ಊರಿನ ಬಯಲಿನಲ್ಲೇ ಇದೆ. ಅಪರ್ವಾತ್ ಪರ್ವತಕ್ಕೆ ಏರುವ ಪ್ರಸಿದ್ಧ ಗೊಂಡೋಲಾ, ಅಂದರೆ ಹಗ್ಗದ ಮೇಲೆ ಸಾಗುವ ಮುಚ್ಚಿದ ಡಬ್ಬಿ, ಮೊದಲ ವಾರ ನಿಮ್ಮ ಕಲಿಕೆಗೆ ಬೇಕಾಗುವುದಿಲ್ಲ. ಅದರ ಎರಡನೆಯ ಹಂತ 3,900 ಮೀಟರಿಗೂ ಮೇಲೆ ಹೋಗುತ್ತದೆ. ನೋಡಲು ಹೋಗಿ, ಸ್ಕೀ ಹಿಡಿದು ಹೋಗಬೇಡಿ. ಅಲ್ಲಿಂದ ಇಳಿಯುವ, ಯಂತ್ರದಿಂದ ಹದ ಮಾಡಿರದ ಹಿಮದ ಇಳಿಜಾರುಗಳಲ್ಲಿ ಹಿಮಕುಸಿತದ ಅಪಾಯವಿದೆ. 2023ರ ಫೆಬ್ರುವರಿಯಲ್ಲಿ ಇಬ್ಬರು ಪೋಲೆಂಡಿನವರು, 2024ರ ಫೆಬ್ರುವರಿಯಲ್ಲಿ ಒಬ್ಬ ರಷ್ಯಾದವರು ಗುಲ್ಮಾರ್ಗ್‌ನ ಇಂಥ ಮೇಲಿನ ಇಳಿಜಾರುಗಳಲ್ಲೇ ಪ್ರಾಣ ಕಳೆದುಕೊಂಡರು.

ಔಲಿ: ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಜೋಶಿಮಠದ ಮೇಲೆ. ಎದುರಿಗೆ 7,816 ಮೀಟರ್ ಎತ್ತರದ ನಂದಾದೇವಿ. ಇಳಿಜಾರು ಹದವಾಗಿದೆ, ಜನಜಂಗುಳಿ ಗುಲ್ಮಾರ್ಗ್‌ಗಿಂತ ಕಡಿಮೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಪರ್ಧೆಗಳು ಇಲ್ಲಿ ನಡೆದಿದ್ದವು. ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಬೆಟ್ಟದ ರಸ್ತೆ, ಇಡೀ ದಿನ ಮೀಸಲಿಡಿ. ಹಳೆಯ ಪ್ರವಾಸ ಬರಹಗಳನ್ನು ಓದಿ ಜೋಶಿಮಠ–ಔಲಿ ರೋಪ್‌ವೇ ನಂಬಿಕೊಳ್ಳಬೇಡಿ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಮನೆಗಳು ಬಿರುಕುಬಿಟ್ಟಾಗ ಅದು ನಿಂತಿತು. ರಸ್ತೆಯಲ್ಲೇ ಹೋಗುವ ಲೆಕ್ಕ ಹಾಕಿ.

ಸೋಲಂಗ್: ಮನಾಲಿಯಿಂದ ಹತ್ತಿರ, ಹೋಗಿಬರುವುದು ಸುಲಭ. ಆದರೆ ಪ್ರವಾಸಿಗರ ನೂಕುನುಗ್ಗಲಿನ ನಡುವೆ ಸ್ಕೀ ಕಲಿಯುವುದು ಕಷ್ಟ. ಸಂಸ್ಥೆಯೊಂದರ ತರಬೇತಿಗೆ ಸೇರಿದರೆ ಮಾತ್ರ ಇಲ್ಲಿಗೆ ಹೋಗಿ ಎನ್ನುತ್ತೇನೆ.

ಮೂರರಲ್ಲಿ ನನ್ನ ಆಯ್ಕೆ ಕೇಳಿದರೆ, ಕುಟುಂಬದ ಜೊತೆ ಹೋಗುವವರಿಗೆ ಗುಲ್ಮಾರ್ಗ್, ಕಲಿಕೆಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡವರಿಗೆ ಔಲಿ.

ಕಾಲದ ವಿಷಯಕ್ಕೆ ಬಂದರೆ, ಕಾಶ್ಮೀರದವರು ಡಿಸೆಂಬರ್ 21ರಿಂದ ನಲವತ್ತು ದಿನದ ಕಡುಚಳಿಯನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ. ಹಿಂದೆಲ್ಲ ಆ ಹೊತ್ತಿಗೆ ಗುಲ್ಮಾರ್ಗ್ ಬೆಳ್ಳಗಾಗಿರುತ್ತಿತ್ತು. ಈಗ ಆ ಭರವಸೆ ಇಲ್ಲ. 2024ರ ಜನವರಿಯ ಬಹುಭಾಗ ಅಲ್ಲಿ ಬರಿಯ ಒಣ ಹುಲ್ಲು ಕಾಣುತ್ತಿತ್ತು. 2025ರಲ್ಲಿ ಖೇಲೋ ಇಂಡಿಯಾ ಕೂಟದ ಗುಲ್ಮಾರ್ಗ್ ಸ್ಪರ್ಧೆಗಳನ್ನೇ ಹಿಮ ಸಾಲದೆ ಫೆಬ್ರುವರಿಯಿಂದ ಮಾರ್ಚ್‌ಗೆ ಮುಂದೂಡಬೇಕಾಯಿತು. ಆದ್ದರಿಂದ ಕ್ರಿಸ್ಮಸ್ ರಜೆ ಬೇಡ. ಜನವರಿ ಕೊನೆಯಿಂದ ಫೆಬ್ರುವರಿ ಕೊನೆಯವರೆಗಿನ ಅವಧಿ ಹೆಚ್ಚು ಸುರಕ್ಷಿತ. ರದ್ದು ಮಾಡಿದರೆ ಹಣ ಮರಳುವ ಕೊಠಡಿಯನ್ನೇ ಕಾಯ್ದಿರಿಸಿ. ಹೊರಡುವ ಒಂದು ವಾರ ಮೊದಲು ಹಿಮ ಎಷ್ಟಿದೆ ಎಂದು ತರಬೇತಿ ಕೇಂದ್ರಕ್ಕೇ ಫೋನ್ ಮಾಡಿ ಕೇಳಿ. ಹೋಟೆಲಿನವರನ್ನು ಕೇಳಿದರೆ “ಬನ್ನಿ ಬನ್ನಿ” ಎಂದೇ ಹೇಳುತ್ತಾರೆ.

ಇನ್ನೊಂದು ಚಿಕ್ಕ ಆದರೆ ಅನೇಕರು ಎಡವುವ ವಿಷಯ: ಕರ್ನಾಟಕದ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಗುಂಪಿನಲ್ಲಿ ಕನಿಷ್ಠ ಇಬ್ಬರ ಬಳಿ ಪೋಸ್ಟ್‌ಪೇಯ್ಡ್ ಇರಲಿ.

4. ಯಾರಿಂದ ಕಲಿಯಬೇಕು

ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಔಲಿಯಲ್ಲಿ ಗಢವಾಲ್ ಮಂಡಲ್ ವಿಕಾಸ್ ನಿಗಮ ಏಳು ಮತ್ತು ಹದಿನಾಲ್ಕು ದಿನದ ತರಬೇತಿ ನಡೆಸಿಕೊಂಡು ಬಂದಿದೆ. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯೂ ಸ್ಕೀ ಕಲಿಸುತ್ತದೆ. ಸರ್ಕಾರಿ ಸಂಸ್ಥೆಗಳಲ್ಲಿ ಊಟ, ವಸತಿ, ಸಲಕರಣೆ, ಕಲಿಕೆ ಎಲ್ಲ ಸೇರಿದ ಶುಲ್ಕ ಖಾಸಗಿಯವರಿಗಿಂತ ಸಾಮಾನ್ಯವಾಗಿ ಕಡಿಮೆ. ಶಿಸ್ತು ಜಾಸ್ತಿ, ಸೌಕರ್ಯ ಕಡಿಮೆ. ಹಲವರು ಒಂದೇ ಕೋಣೆಯಲ್ಲಿ ಮಲಗಬೇಕಾಗಬಹುದು. ವಯಸ್ಸಿನ ಮಿತಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಸೀಟುಗಳೂ ಬೇಗ ಭರ್ತಿಯಾಗುತ್ತವೆ. ಸೆಪ್ಟೆಂಬರ್‌ನಿಂದಲೇ ಅವರ ಜಾಲತಾಣದ ಮೇಲೆ ಕಣ್ಣಿಡಿ.

ಖಾಸಗಿ ತರಬೇತುದಾರರನ್ನು ಗೊತ್ತುಮಾಡುವುದಾದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಚೀಟಿ ತೋರಿಸಲು ಕೇಳಿ. ದಿನಕ್ಕೆ ಎಷ್ಟು ಗಂಟೆ, ಒಬ್ಬರಿಗೆ ಎಷ್ಟು ಜನ ಕಲಿಯುವವರು, ಸಲಕರಣೆಯ ಬಾಡಿಗೆ ಸೇರಿದೆಯೇ, ಹೆಲ್ಮೆಟ್ ಇದೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಮಾಡಿಕೊಳ್ಳಿ. “ಎರಡು ಗಂಟೆಯಲ್ಲಿ ಕಲಿಸುತ್ತೇನೆ” ಎನ್ನುವವರಿಗೆ ಕೈಮುಗಿದು ಮುಂದೆ ಹೋಗಿ.

ವಿಮೆಯನ್ನೂ ಈಗಲೇ ನೋಡಿಕೊಳ್ಳಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಚಳಿಗಾಲದ ಆಟಗಳನ್ನು ಹೊರಗಿಟ್ಟಿರುವುದೇ ಹೆಚ್ಚು. ಪಾಲಿಸಿಯ ಹೊರಗಿಟ್ಟ ವಿಷಯಗಳ ಪಟ್ಟಿಯಲ್ಲಿ ಸ್ಕೀಯಿಂಗ್ ಎಂಬ ಪದ ಇದೆಯೇ ಎಂದು ನೀವೇ ಓದಿ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಿಗೆ ಹೋಗುವವರಂತೂ ಹೆಲಿಕಾಪ್ಟರ್ ರಕ್ಷಣೆಯ ವೆಚ್ಚ ಸೇರಿರುವ ಪಾಲಿಸಿಯನ್ನೇ ತೆಗೆದುಕೊಳ್ಳಿ.

5. ಬಟ್ಟೆ: ಹತ್ತಿ ಬೇಡ

ನಮ್ಮಲ್ಲಿ ಹತ್ತಿ ಎಂದರೆ ಒಳ್ಳೆಯ ಬಟ್ಟೆ. ಹಿಮದಲ್ಲಿ ಅದೇ ಕೆಡಕು. ಬೆವರನ್ನು ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ. ನಿಂತ ಐದು ನಿಮಿಷಕ್ಕೆ ಬೆನ್ನು ಕೊರೆಯತೊಡಗುತ್ತದೆ. ಜೀನ್ಸ್ ಹಾಕಿ ಹಿಮಕ್ಕೆ ಇಳಿಯಲೇಬೇಡಿ.

ಮೂರು ಪದರ ಸಾಕು. ಮೈಗೆ ತಾಗುವುದು ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್. ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್. ಹೊರಗೆ ನೀರು, ಗಾಳಿ ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಇವೆರಡನ್ನು ಬಾಡಿಗೆಗೆ ಪಡೆಯಬಹುದು, ಕೊಳ್ಳುವ ಅಗತ್ಯವಿಲ್ಲ. ಸ್ವಂತದ್ದೇ ಇರಬೇಕಾದವು ಮೂರು: ನೀರು ನುಗ್ಗದ ಕೈಗವಸು, ಮಂಡಿಯವರೆಗೆ ಬರುವ ತೆಳು ಉಣ್ಣೆಯ ಕಾಲುಚೀಲ ಎರಡು ಜೊತೆ, ನೇರಳಾತೀತ ಕಿರಣ ತಡೆಯುವ ಗಾಗಲ್ಸ್. ಹೆಲ್ಮೆಟ್ ಇಲ್ಲದೆ ಇಳಿಜಾರಿಗೆ ಕಾಲಿಡಬೇಡಿ. ಬಾಡಿಗೆ ಅಂಗಡಿಯಲ್ಲಿ ತಲೆಗೆ ಹೊಂದುವುದು ಸಿಗದಿದ್ದರೆ ಅಂಗಡಿ ಬದಲಿಸಿ.

6. ಬೂಟು

ಹೊಸಬರ ವಾರ ಹಾಳಾಗುವುದು ಹೆಚ್ಚಾಗಿ ಬೂಟಿನಿಂದ. ಹಾಗಾಗಿ ಇಲ್ಲಿ ಅವಸರ ಮಾಡಬೇಡಿ.

ಮನೆಯಲ್ಲೇ ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತು, ಉದ್ದನೆಯ ಬೆರಳಿನ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ಅಳೆದುಕೊಳ್ಳಿ. ಸ್ಕೀ ಬೂಟಿನ ಸಂಖ್ಯೆ ಎಂದರೆ ಸೆಂಟಿಮೀಟರ್‌ನಲ್ಲಿ ಪಾದದ ಉದ್ದ. 26 ಸೆಂ.ಮೀ. ಪಾದಕ್ಕೆ 26ರ ಬೂಟು. ಇದನ್ನು ಮಾಂಡೊಪಾಯಿಂಟ್ ಎನ್ನುತ್ತಾರೆ. ದೊಡ್ಡ ಅಳತೆಯ ಬೂಟು ಹಿತವೆನಿಸುತ್ತದೆ, ಆದರೆ ಒಳಗೆ ಪಾದ ಓಲಾಡಿದರೆ ಸ್ಕೀ ನಿಮ್ಮ ಮಾತು ಕೇಳುವುದಿಲ್ಲ.

ಬೂಟು ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಒಳಕ್ಕೆ ಕೂರಿಸಿ. ನೇರವಾಗಿ ನಿಂತಾಗ ಬೆರಳಿನ ತುದಿ ಮುಂದೆ ಮೆಲ್ಲಗೆ ತಾಗಬೇಕು. ಮಂಡಿ ಬಾಗಿಸಿ ಕಣಕಾಲನ್ನು ಬೂಟಿನ ನಾಲಿಗೆಗೆ ಒತ್ತಿದಾಗ ಬೆರಳು ಹಿಂದೆ ಸರಿದು ಸಡಿಲವಾಗಬೇಕು, ಹಿಮ್ಮಡಿ ಮೇಲೇಳಬಾರದು. ಕೊಂಡಿಗಳನ್ನು ಕಣಕಾಲಿನ ಕಡೆ ಬಿಗಿಯಾಗಿ, ಪಾದದ ಕಡೆ ಸ್ವಲ್ಪ ಸಡಿಲವಾಗಿ ಹಾಕಿ. ಅಂಗಡಿಯಲ್ಲೇ ಹತ್ತು ನಿಮಿಷ ಓಡಾಡಿ.

ಇಲ್ಲಿ ಎಲ್ಲರೂ ಮಾಡುವ ಎರಡು ತಪ್ಪುಗಳಿವೆ. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕುವುದು ಒಂದು. ಅದರಿಂದ ರಕ್ತಸಂಚಾರ ಕಡಿಮೆಯಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಒಂದೇ ಜೊತೆ, ತೆಳುವಾದದ್ದು, ಸಾಕು. ಥರ್ಮಲ್ ಪ್ಯಾಂಟಿನ ಅಂಚನ್ನು ಬೂಟಿನೊಳಗೆ ತುರುಕುವುದು ಇನ್ನೊಂದು. ಆ ಮಡಿಕೆ ಗಂಟೆಯೊಳಗೆ ಕಣಕಾಲಿನ ಮೇಲೆ ಗಾಯ ಮಾಡುತ್ತದೆ. ಬೂಟಿನೊಳಗೆ ಕಾಲುಚೀಲ ಬಿಟ್ಟು ಬೇರೇನೂ ಇರಬಾರದು.

ಸ್ಕೀ ಗಲ್ಲದಷ್ಟು ಎತ್ತರವಿದ್ದರೆ ಹೊಸಬರಿಗೆ ಸರಿ. ಬೈಂಡಿಂಗ್ ಎಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ. ಬಿದ್ದಾಗ ಅದು ತಾನಾಗಿ ಬಿಚ್ಚಿಕೊಳ್ಳಬೇಕು, ಇಲ್ಲವಾದರೆ ಕಾಲು ತಿರುಚುತ್ತದೆ. ಎಷ್ಟು ಬಲಕ್ಕೆ ಬಿಚ್ಚಬೇಕು ಎಂಬುದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಅನುಭವ ನೋಡಿ ತಿರುಪು ತಿರುಗಿಸಿ ಹೊಂದಿಸುತ್ತಾರೆ. ಸಂಕೋಚಕ್ಕೆ ತೂಕ ತಪ್ಪು ಹೇಳಬೇಡಿ, ಒಂದಿಷ್ಟು ಕಲಿತಿದ್ದೇನೆ ಎಂದೂ ಹೇಳಬೇಡಿ. ಅಂಗಡಿಯವರು ಇದ್ಯಾವುದನ್ನೂ ಕೇಳದೆ ಸ್ಕೀ ಕೈಗೆ ಕೊಟ್ಟರೆ, ನೀವೇ ಹೇಳಿ, ಹೊಂದಿಸಿ ಕೊಡುವವರೆಗೆ ಅಲ್ಲಿಂದ ಕದಲಬೇಡಿ.

7. ಇಳಿಜಾರಿನ ಮೇಲೆ

ಮೊದಲ ದಿನ: ಲಿಫ್ಟ್ ಬೇಡ, ಸಮತಟ್ಟಾದ ಹಿಮ ಸಾಕು. ಬೂಟಿನ ಅಡಿಗೆ ಅಂಟಿದ ಹಿಮವನ್ನು ಊರುಕೋಲಿನಿಂದ ಕೆರೆದು ತೆಗೆಯಿರಿ. ಅದು ಉಳಿದರೆ ಬೈಂಡಿಂಗ್ ಸರಿಯಾಗಿ ಕೂರುವುದಿಲ್ಲ. ಮೊದಲು ಬೆರಳಿನ ಕಡೆ ಸೇರಿಸಿ, ನಂತರ ಹಿಮ್ಮಡಿಯನ್ನು ಒತ್ತಿದರೆ ಟಕ್ಕೆಂದು ಹಿಡಿಯುತ್ತದೆ. ಒಂದೇ ಸ್ಕೀ ಕಟ್ಟಿಕೊಂಡು ಓಡಾಡಿ, ಆಮೇಲೆ ಎರಡೂ. ನಿಲುವು ಕಬಡ್ಡಿಯಲ್ಲಿ ರೈಡರ್‌ಗೆ ಎದುರಾಗಿ ನಿಂತ ಆಟಗಾರನದು: ಮಂಡಿ ಬಾಗಿ, ಕೈಗಳು ಮುಂದೆ, ಭಾರ ಪಾದದ ಮುಂಭಾಗದ ಮೇಲೆ, ಕಣ್ಣು ದೂರಕ್ಕೆ. ಹೆದರಿದಾಗ ದೇಹ ತಾನಾಗಿ ಹಿಂದಕ್ಕೆ ವಾಲುತ್ತದೆ. ವಾಲಿದೊಡನೆ ಸ್ಕೀಯ ಮುಂಭಾಗ ಹಗುರಾಗಿ ಹಿಡಿತ ತಪ್ಪುತ್ತದೆ, ವೇಗ ಏರುತ್ತದೆ. ಆದ್ದರಿಂದ ಹೆದರಿಕೆಯಾದಷ್ಟೂ ಕಣಕಾಲನ್ನು ಬೂಟಿನ ಮುಂಭಾಗಕ್ಕೆ ಒತ್ತಬೇಕು. ಇಡೀ ಆಟದಲ್ಲಿ ಮನಸ್ಸಿಗೆ ಅತಿ ಕಷ್ಟವಾದ ಪಾಠ ಇದೇ. ಮೊದಲ ಮೂರು ದಿನದ ಕೆಲಸವೆಲ್ಲ ಇದನ್ನು ಮೈಗೂಡಿಸಿಕೊಳ್ಳುವುದು ಎಂದುಕೊಳ್ಳಿ.

ಬೀಳುವುದು, ಏಳುವುದು: ಇದನ್ನೂ ಮೊದಲ ದಿನವೇ ಕಲಿಯಿರಿ. ಬೀಳುವುದು ಖಚಿತವೆನಿಸಿದಾಗ ಪಕ್ಕಕ್ಕೆ, ಸೊಂಟದ ಮೇಲೆ ಬೀಳಿ. ಹಿಂದಕ್ಕೆ ಕೂರಬೇಡಿ, ಕೈಯನ್ನು ಹಿಂದೆ ಊರಬೇಡಿ. ಜಾರುತ್ತಿರುವಾಗಲೇ ಏಳಲು ಹೋಗಬೇಡಿ. ಮಂಡಿಯ ಲಿಗಮೆಂಟ್ ಹರಿಯುವುದು ಹೀಗೆಯೇ. ಜಾರುವುದು ನಿಂತ ಮೇಲೆ ಎರಡೂ ಸ್ಕೀಗಳನ್ನು ನಿಮ್ಮಿಂದ ಕೆಳಗಿನ ಕಡೆಗೆ ತಂದು ಫಾಲ್ ಲೈನ್‌ಗೆ ಅಡ್ಡಲಾಗಿ ಇಡಿ. ಇಳಿಜಾರಿನಲ್ಲಿ ಚೆಂಡೊಂದನ್ನು ಬಿಟ್ಟರೆ ಅದು ಉರುಳುವ ನೇರ ದಾರಿಯೇ ಫಾಲ್ ಲೈನ್. ಸ್ಕೀ ಅದಕ್ಕೆ ಅಡ್ಡ ಇದ್ದರೆ ಜಾರುವುದಿಲ್ಲ. ಆಗ ಮಂಡಿ ಮಡಚಿ ಒತ್ತಿ ಏಳಿ. ಬಿಚ್ಚಿಹೋದ ಸ್ಕೀಗಳನ್ನು ಮತ್ತೆ ಹಾಕುವಾಗ ಕೆಳಗಿನ ಕಾಲಿನದು ಮೊದಲು.

ಊರುಕೋಲಿನ ಪಟ್ಟಿಯೊಳಗೆ ಕೈ ಸಿಕ್ಕಿಸಿಕೊಂಡು ಬಿದ್ದರೆ ಹೆಬ್ಬೆರಳಿನ ಬುಡದ ಲಿಗಮೆಂಟ್ ಹರಿಯಬಹುದು. ಇದು ಎಷ್ಟು ಸಾಮಾನ್ಯವೆಂದರೆ ಇದಕ್ಕೆ ‘ಸ್ಕೀಯರ್ ಹೆಬ್ಬೆರಳು’ ಎಂದೇ ಹೆಸರು. ಬೀಳುವಾಗ ಕೋಲು ಕೈಬಿಡಿ. ತರಬೇತುದಾರರು ಮೊದಲ ದಿನಗಳಲ್ಲಿ ಕೋಲೇ ಕೊಡದಿದ್ದರೆ ಅದು ಸರಿಯಾದ ಕ್ರಮ.

ಎರಡನೆಯ, ಮೂರನೆಯ ದಿನ: ಸ್ನೋಪ್ಲೌ. ಸ್ಕೀಗಳ ಮುಂದಿನ ತುದಿಗಳು ಹತ್ತಿರ, ಹಿಂದಿನವು ದೂರ ಇರುವಂತೆ ಹಿಮ್ಮಡಿಗಳನ್ನು ಹೊರಕ್ಕೆ ತಳ್ಳುವುದು. ಒಳಅಂಚು ಹಿಮವನ್ನು ಕಚ್ಚಿ ವೇಗ ತಗ್ಗುತ್ತದೆ. ಹಿಂದಿನ ತುದಿಗಳ ನಡುವೆ ಅಂತರ ಹೆಚ್ಚಿದಷ್ಟೂ ಬ್ರೇಕ್ ಹೆಚ್ಚು. ಮುಂದಿನ ತುದಿಗಳು ಒಂದರ ಮೇಲೊಂದು ಏರದಂತೆ ಒಂದು ಗೇಣು ಅಂತರ ಇರಲಿ. ಗುರುತು ಹಾಕಿದ ಜಾಗದಲ್ಲಿ, ಹೇಳಿದ ಕ್ಷಣದಲ್ಲಿ ನಿಲ್ಲಲು ಬರುವವರೆಗೆ ಮೇಲಿನ ಇಳಿಜಾರಿಗೆ ಹೋಗಬೇಡಿ.

ಮೂರರಿಂದ ಐದನೆಯ ದಿನ: ತಿರುವು. ಸ್ನೋಪ್ಲೌನಲ್ಲೇ ಬಲಗಾಲಿನ ಮೇಲೆ ಭಾರ ಹಾಕಿದರೆ ಎಡಕ್ಕೆ ತಿರುಗುತ್ತೀರಿ, ಎಡಗಾಲಿನ ಮೇಲೆ ಹಾಕಿದರೆ ಬಲಕ್ಕೆ. ಹೊಸಬರು ಹೆಗಲು ತಿರುಗಿಸಿ ಸ್ಕೀ ಎಳೆಯಲು ನೋಡುತ್ತಾರೆ. ಫಲವಿಲ್ಲ, ಕೆಲಸ ಕಾಲಿನದು. ಹಾವಿನಂತೆ ಅಡ್ಡಡ್ಡ ಇಳಿಯುವುದರಿಂದಲೇ ವೇಗ ನಿಮ್ಮ ಕೈಯಲ್ಲಿರುತ್ತದೆ. ಎಂಟು ವಾರದ ಬಸ್ಕಿಯ ಬೆಲೆ ತಿಳಿಯುವುದು ಈ ದಿನಗಳಲ್ಲಿ: ತಯಾರಿ ಇಲ್ಲದವರು ಹನ್ನೊಂದು ಗಂಟೆಗೇ ಸುಸ್ತಾಗಿ ಕುಳಿತಾಗ ನೀವು ಇನ್ನೂ ಹತ್ತು ಸಲ ಇಳಿದಿರುತ್ತೀರಿ. ಎಷ್ಟು ಸಲ ಇಳಿದಿರಿ ಎಂಬುದರ ಮೇಲೇ ಕಲಿಕೆ ನಿಂತಿದೆ.

ಎಳೆಯುವ ಲಿಫ್ಟ್, ಅಂದರೆ ಸೊಂಟದ ಹಿಂದೆ ತಟ್ಟೆಯೊಂದು ಒತ್ತಿ ಮೇಲಕ್ಕೆ ಸಾಗಿಸುವ ವ್ಯವಸ್ಥೆ, ಬಳಸುವಾಗ ಅದರ ಮೇಲೆ ಕೂರಬೇಡಿ. ನಿಂತೇ ಇರಿ, ಅದು ಎಳೆದುಕೊಂಡು ಹೋಗುತ್ತದೆ. ಕುಳಿತವರೆಲ್ಲ ಬೀಳುತ್ತಾರೆ.

ಇಳಿಜಾರಿಗೂ ನಿಯಮಗಳಿವೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳಲ್ಲಿ ಹೊಸಬರು ಬಾಯಿಪಾಠ ಮಾಡಬೇಕಾದ್ದು ಇದು: ನಿಮ್ಮ ಮುಂದೆ, ಕೆಳಗೆ ಇರುವವರಿಗೆ ದಾರಿಯ ಹಕ್ಕು, ಹಿಂದಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು. ನಿಲ್ಲುವುದಾದರೆ ದಾರಿಯ ಅಂಚಿನಲ್ಲಿ ನಿಲ್ಲಿ. ವಿದೇಶದಲ್ಲಿ ಇಳಿಜಾರುಗಳಿಗೆ ಬಣ್ಣದ ಗುರುತು ಇರುತ್ತದೆ. ಯುರೋಪಿನಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಕೆಲವೆಡೆ ನೀಲಿಗಿಂತಲೂ ಸುಲಭಕ್ಕೆ ಹಸಿರು. ಅಮೆರಿಕ, ಕೆನಡಾಗಳಲ್ಲಿ ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರಾಕಾರ ಕಠಿಣ. ಅಂದರೆ ಅಟ್ಲಾಂಟಿಕ್‌ನ ಆಚೀಚೆ ನೀಲಿಯ ಅರ್ಥ ಬೇರೆ. ಇದನ್ನು ಗಮನಿಸದೆ ಫಜೀತಿಗೆ ಬಿದ್ದವರಿದ್ದಾರೆ.

ದಣಿದ ಮೇಲೆ “ಕೊನೆಯದಾಗಿ ಇನ್ನೊಂದು ಸಲ” ಎನ್ನಬೇಡಿ. ತೊಡೆ ನಡುಗತೊಡಗಿದರೆ ಆ ದಿನಕ್ಕೆ ಮುಗಿಯಿತು.

8. ಚಳಿ, ಬಿಸಿಲು, ಎತ್ತರ

ತಲುಪಿದ ದಿನವೇ ಸ್ಕೀ ಕಟ್ಟಬೇಡಿ. 2,500 ಮೀಟರ್ ದಾಟಿದ ಎತ್ತರದಲ್ಲಿ ತಲೆನೋವು, ವಾಕರಿಕೆ, ನಿದ್ರೆಗೇಡು ಬರಬಹುದು. ಒಂದು ದಿನ ಸುಮ್ಮನೆ ನಡೆದಾಡಿ, ನೀರು ಕುಡಿಯಿರಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಮದ್ಯದಿಂದ ಮೈ ಬಿಸಿಯಾಗುತ್ತದೆ ಎಂಬುದು ಸುಳ್ಳು, ಅದು ದೇಹದ ಶಾಖವನ್ನು ಹೊರಗೆ ಕಳೆಯುತ್ತದೆ. ತಲೆನೋವು ಏರುತ್ತಲೇ ಹೋದರೆ ಅಥವಾ ಕುಳಿತಲ್ಲೇ ಏದುಸಿರು ಬಂದರೆ ಕೂಡಲೇ ಕೆಳಗಿಳಿದು ವೈದ್ಯರನ್ನು ಕಾಣಿ.

ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇ. 80ರವರೆಗೂ ಮರಳಿ ಮುಖಕ್ಕೆ ಹೊಡೆಯುತ್ತದೆ. “ನಮ್ಮದು ಕಪ್ಪು ಚರ್ಮ, ಏನೂ ಆಗದು” ಎನ್ನಬೇಡಿ. ಸನ್‌ಸ್ಕ್ರೀನನ್ನು ಮೂಗಿನ ಕೆಳಗೆ, ಗಲ್ಲದ ಅಡಿಗೆ ಕೂಡ ಹಚ್ಚಿ. ಬೆಳಕು ಕೆಳಗಿನಿಂದಲೂ ಬರುತ್ತದೆ. ಮೋಡ ಮುಸುಕಿದ ದಿನವೂ ಗಾಗಲ್ಸ್ ತೆಗೆಯಬೇಡಿ. ಬರಿಗಣ್ಣಿನಲ್ಲಿ ದಿನ ಕಳೆದರೆ ರಾತ್ರಿ ಕಣ್ಣಿಗೆ ಮರಳು ಬಿದ್ದಂಥ ಉರಿ, ನೀರು.

ಬೆರಳ ತುದಿ ಬೆಳ್ಳಗಾಗಿ ಸ್ಪರ್ಶ ತಿಳಿಯದಂತಾದರೆ ಹಿಮದಿಂದ ಉಜ್ಜಬೇಡಿ. ಕಂಕುಳಲ್ಲಿ ಇಟ್ಟು ನಿಧಾನವಾಗಿ ಬೆಚ್ಚಗೆ ಮಾಡಿ. ಕಾಶ್ಮೀರಿಗಳು ಫಿರನ್ ಎಂಬ ನಿಲುವಂಗಿಯೊಳಗೆ ಹಿಡಿದುಕೊಳ್ಳುವ ಕಾಂಗ್ಡಿ, ಅಂದರೆ ಬೆತ್ತದ ಬುಟ್ಟಿಯೊಳಗಿನ ಕೆಂಡದ ಮಡಕೆ, ಮರಗಟ್ಟಿದ ಕೈಗೆ ಅಪಾಯ, ಸುಟ್ಟರೂ ಗೊತ್ತಾಗುವುದಿಲ್ಲ. ಕೋಣೆಯಲ್ಲಿ ಬುಖಾರಿ, ಅಂದರೆ ಸೌದೆಯ ಒಲೆ, ಉರಿಸುತ್ತಿದ್ದರೆ ಕಿಟಕಿಯನ್ನು ಒಂದು ಬೆರಳಿನಷ್ಟಾದರೂ ತೆರೆದಿಡಿ, ಮಲಗುವ ಮುನ್ನ ಆರಿಸಿ. ಒಲೆಯಿಂದ ಹೊಮ್ಮುವ ವಿಷಾನಿಲ ಇಂಗಾಲದ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಮೊಬೈಲ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಇಳಿದುಹೋಗುತ್ತದೆ.

9. ಮರಳಿ ಬಂದ ಮೇಲೆ

ಮಂಡಿಯ ಊತ ಮೂರು ದಿನದಲ್ಲಿ ಇಳಿಯದಿದ್ದರೆ ಅಥವಾ ನಡೆಯುವಾಗ ಮಂಡಿ ತಪ್ಪಿದಂತೆ ಭಾಸವಾದರೆ ಎಣ್ಣೆ ತಿಕ್ಕುತ್ತಾ ಕೂರದೆ ಮೂಳೆ ತಜ್ಞರಲ್ಲಿಗೆ ಹೋಗಿ. ತೊಡೆಯ ಸಾಮಾನ್ಯ ನೋವು ತಾನಾಗಿ ಹೋಗುತ್ತದೆ.

ಒಂದು ವಾರ ವಿಶ್ರಾಂತಿ ಪಡೆದು ಬಸ್ಕಿ ಮತ್ತೆ ಆರಂಭಿಸಿ. ವಾರಾಂತ್ಯದಲ್ಲಿ ಇನ್‌ಲೈನ್ ಸ್ಕೇಟಿಂಗ್, ಅಂದರೆ ಒಂದೇ ಸಾಲಿನ ಚಕ್ರಗಳ ಸ್ಕೇಟ್, ಕಲಿಯಬಹುದು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವ ಅಭ್ಯಾಸ ವರ್ಷವಿಡೀ ಉಳಿಯುತ್ತದೆ. ಬೆಂಗಳೂರು, ಮೈಸೂರುಗಳಲ್ಲಿ ದೊಡ್ಡವರಿಗೂ ಕಲಿಸುವ ತರಬೇತುದಾರರಿದ್ದಾರೆ. ತರಬೇತಿ ಮುಗಿದ ದಿನವೇ ಕಲಿಸಿದವರನ್ನು ಕೇಳಿ ಮೂರು ವಿಷಯ ಬರೆದಿಟ್ಟುಕೊಳ್ಳಿ: ನಿಮಗೆ ಹೊಂದಿದ ಬೂಟಿನ ಅಳತೆ, ಬೈಂಡಿಂಗ್‌ನ ತಿರುಪಿನ ಸಂಖ್ಯೆ, ಯಾವ ಕಡೆಯ ತಿರುವು ಇನ್ನೂ ಕಚ್ಚಾ ಇದೆ ಎಂಬುದು. ಮುಂದಿನ ವರ್ಷ ತೂಕ ಬದಲಾಗಿದ್ದರೆ ತಿರುಪಿನ ಸಂಖ್ಯೆಯನ್ನು ಹೊಸದಾಗಿ ಹೊಂದಿಸಲೇಬೇಕು. ಉಳಿದೆರಡನ್ನು ಮೊದಲ ದಿನವೇ ತರಬೇತುದಾರರ ಕೈಗೆ ಕೊಟ್ಟರೆ ಸಮತಟ್ಟಾದ ಹಿಮದ ಪಾಠವನ್ನು ಒಂದೇ ಬೆಳಗಿನಲ್ಲಿ ಮುಗಿಸಿ ತಿರುವಿನಿಂದಲೇ ಮುಂದುವರಿಸಬಹುದು.